ಎರಡು ಬುಟ್ಟಿ, ಒಂದೇ ಗಾಡಿ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 6

ಮುನ್ನೂರ ಎಂಬತ್ತು ರೊಟ್ಟಿ ಆದವು. ಇನ್ನೂ ನೂರಿಪ್ಪತ್ತು ಬಡಿಯಬೇಕು. ಏಳರ ನಂತರ ಮೊದಲ ಟ್ರಿಪ್ಪಿನ ಗಾಡಿ ನಮ್ಮ ಅಂಗಳದಲ್ಲಿ ನಿಂತದ್ದಿಲ್ಲ — ಸಾವಕ್ಕನ ರೊಟ್ಟಿ ಮನೆ ಎಂದು ನನ್ನ ಹೆಸರಲ್ಲೇ ಶುರುವಾಗಿ ಇಪ್ಪತ್ತೆರಡು ವರ್ಷವಾಯಿತು, ಒಂದು ದಿನವೂ ಇಲ್ಲ. ಇವತ್ತು ನಿಂತರೂ ನಿಂತೀತು. ಸೊಸೆ ಗೀತಾಂಜಲಿಯ ಆ್ಯಪ್ ಇವತ್ತಿನಿಂದ ಶುರು.

ನಿನ್ನೆ ಎರಡೂ ಟಂಟಂ ಗಾಡಿಗಳಿಗೆ ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡ್ ಹಾಕಿಸಿದಳು. ಯಾವ ಮನೆ ಮೊದಲು, ಯಾವುದು ಆಮೇಲೆ, ಯಾವ ರಸ್ತೆ — ಎಲ್ಲ ಅದೇ ಹೇಳುತ್ತದಂತೆ. ಇಲ್ಲಿಯವರೆಗೆ ನಾನು ಹೇಳುತ್ತಿದ್ದೆ. ಡ್ರೈವರ್ ನವಾಜ ಕೇಳುತ್ತಿದ್ದ. ಇಲ್ಲವೇ ಕೇಳಿದಂತೆ ಮಾಡಿ ತನ್ನ ದಾರಿಯಲ್ಲಿ ಹೋಗುತ್ತಿದ್ದ. ಉಣಕಲ್ಲಿನಿಂದ ವಿದ್ಯಾನಗರ, ನವನಗರ, ಸತ್ತೂರ ಆಸ್ಪತ್ರೆ... ಹತ್ತೊಂಬತ್ತು ವರ್ಷದಿಂದ ಅವನೇ. ತಡವಾಯಿತೆಂದು ಒಬ್ಬ ಗಿರಾಕಿಯೂ ಬಾಯಿ ಮಾಡಿದ್ದಿಲ್ಲ.

ಎರಡನೇ ಡ್ರೈವರ್ ದುರ್ಗೇಶನಿಗೆ ಖುಷಿಯೋ ಖುಷಿ. ನವಾಜ ಚಾಳೀಸು ಮೂಗಿಗೇರಿಸಿ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಹೆಣ್ಣಮಗಳ ದನಿಯಾಗ ಹೇಳತೈತ್ರಿ ಇದು. ನನಗ ಎರಡನೇ ಅವ್ವಾರು ಬಂದಂಗಾತು" ಅಂದ.

ಮೊದಲನೇ ಅವ್ವಾರು ನಾನು. ನಗು ಬಂತು. ತೋರಿಸಲಿಲ್ಲ.

ನವೆಂಬರ್ 10, ಸೋಮವಾರ

ಗೀತಾಂಜಲಿ ನನ್ನ ಫೋನಿಗೂ ಹಾಕಿಕೊಟ್ಟಳು. ನಕ್ಷೆಯ ಮೇಲೆ ಎರಡು ಚುಕ್ಕೆ. ನೀಲಿ ನವಾಜ, ಹಳದಿ ದುರ್ಗೇಶ. ಬೇಡವೆಂದವಳೇ ಹಂಚಿನ ಮುಂದಿನಿಂದ ಎದ್ದು ಬಂದು ಅರ್ಧ ತಾಸು ನೋಡುತ್ತ ಕುಳಿತೆ.

ಡ್ರೈವರ್ ದಾರಿ ಬದಲಿಸಬೇಕೆಂದರೆ ನನ್ನನ್ನು ಕೇಳಬೇಕು. ಫೋನ್ ಟಿಣ್ ಅನ್ನುತ್ತದೆ. ಹಸಿರು ಒತ್ತಿದರೆ ಹೂಂ, ಕೆಂಪು ಒತ್ತಿದರೆ ಇಲ್ಲ. ಇಷ್ಟು ವರ್ಷ ಕೂಗಿ ಕೂಗಿ ಗಂಟಲು ಹೋಗಿತ್ತು. ಈಗ ಬೆರಳು ಸಾಕು.

ನವಾಜ ದಿನಕ್ಕೆ ಐದಾರು ಸಲ ಕೇಳುತ್ತಾನೆ. ಅಲ್ಲಿ ರಸ್ತೆ ಅಗೆದಿದ್ದಾರೆ, ಇಲ್ಲಿ ಅಜ್ಜಿ ಹತ್ತರವರೆಗೆ ಪೂಜೆ ಬಿಟ್ಟು ಏಳುವುದಿಲ್ಲ. ಎಲ್ಲಕ್ಕೂ ಹಸಿರು ಒತ್ತಿದೆ.

ನವೆಂಬರ್ 18, ಮಂಗಳವಾರ. ರಾತ್ರಿ

ಮಧ್ಯಾಹ್ನ ಊಟವಾದ ಮೇಲೆ ಗೀತಾಂಜಲಿ ಹದಿನೈದು ದಿನದ ಲೆಕ್ಕ ಬಿಚ್ಚಿಟ್ಟಳು. ದುರ್ಗೇಶ ಎಲ್ಲ ಮನೆಗೂ ಹೇಳಿದ ಹೊತ್ತಿಗೆ. ನವಾಜ ದಿನಾ ನಲವತ್ತು ನಿಮಿಷ ತಡ. ಆ ಹುಡುಗಿ ದನಿ ಏರಿಸುವುದಿಲ್ಲ, ಅದೇ ಅವಳ ಗುಣ, ಅದೇ ಅವಳ ಚೂರಿ.

"ನಿಮ್ಮ ಮನಷ್ಯಾ ಅಂತ ಸುಮ್ನದೀರೇನ್ರಿ ಅತ್ತಿ. ದುರ್ಗೇಶ ಹಿಂಗ ಮಾಡಿದ್ರ ನೀವು ಬಿಡತಿದ್ರೇನು?"

ಬಿಡುತ್ತಿರಲಿಲ್ಲ. ಅದು ಚುಚ್ಚಿತು. ನನ್ನ ಮನುಷ್ಯ ಹಿಂದೆ ಬಿದ್ದಿದ್ದಾನೆ, ಅದನ್ನು ಸೊಸೆ ನನಗೆ ತೋರಿಸಬೇಕಾಯಿತು.

ಸಂಜೆ ರೊಟ್ಟಿ ಬಡಿಯುವ ಎಂಟೂ ಹೆಂಗಸರ ಮುಂದೆ ನವಾಜನನ್ನು ಕರೆದೆ. ಇನ್ನು ಮೇಲೆ ಅದು ಹೇಳಿದ್ದೇ ದಾರಿ, ನನ್ನನ್ನು ಕೇಳಬೇಡ, ಫೋನ್ ಮಾಡಬೇಡ ಎಂದೆ. ವಯಸ್ಸಾದರೆ ಮನೆಯಲ್ಲಿ ಕೂಡು ಎಂದೂ ಅಂದೆ. ಅದೊಂದು ಹೆಚ್ಚಾಯಿತು.

"ಆತ್ರಿ" ಅಂದ. ಅಷ್ಟೇ.

ನವೆಂಬರ್ 27, ಗುರುವಾರ

ನವಾಜ ಒಂಬತ್ತು ದಿನದಿಂದ ಹೊತ್ತಿಗೆ ಸರಿಯಾಗಿ. ಟಿಣ್ ಇಲ್ಲ. ನಮ್ಮಲ್ಲಿ ಚಹಾ ಕುಡಿಯುವುದು ಬಿಟ್ಟಿದ್ದಾನೆ. ಬಿಡಲಿ.

ಡಿಸೆಂಬರ್ 3, ಬುಧವಾರ

ದೊಡ್ಡ ಆರ್ಡರ್. ವಿದ್ಯಾನಗರದ ದ್ರಾಕ್ಷಾಯಿಣಿಬಾಯಿಯವರ ಮಗಳು ಭಾಗ್ಯಾ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಶುಕ್ರವಾರ ಕುಬಸ, ಉಡಿ ತುಂಬುವ ಕಾರ್ಯ. ಇನ್ನೂರು ಹೋಳಿಗೆ, ನೂರೈವತ್ತು ರೊಟ್ಟಿ, ಎಣ್ಣೆಗಾಯಿ. ಗದಗಿನಿಂದ ಬೀಗರು ಬರುತ್ತಾರೆ, ಮಾನ ಉಳಿಸ್ರಿ ಸಾವಕ್ಕಾರ ಅಂದರು. ಹೋಳಿಗೆಗೆ ನಾನೇ ಕೂಡುತ್ತೇನೆ.

ಅವರ ಹಿಂದಿನ ಓಣಿಯ ಮಡಿವಾಳಪ್ಪ ಮಾಸ್ತರರು ಇವತ್ತು ಬೆಳಿಗ್ಗೆ ತೀರಿಕೊಂಡರು. ಒಳ್ಳೆಯ ಮನುಷ್ಯ. ಆ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಅಲ್ಲಿಯವರೆಗೆ ಬುತ್ತಿ ನಮ್ಮಿಂದಲೇ ಕಳಿಸಲು ನೆರೆಯವರು ಹೇಳಿದ್ದಾರೆ.

ಡಿಸೆಂಬರ್ 5, ಶುಕ್ರವಾರ. ಸಂಜೆ 4

ಕುಬಸದ ಮನೆಯಿಂದ ಈಗ ಬಂದೆ. ಆದದ್ದನ್ನು ಬರೆಯುತ್ತೇನೆ.

ಸಾವಿನ ಮನೆಗೆ ಬುತ್ತಿ ಒಯ್ದ ಗಾಡಿ ಹಾಗೇ ಶುಭದ ಮನೆಗೆ ಹೋಗುವಂತಿಲ್ಲ. ತಿರುಗಿ ಬರಬೇಕು, ನೀರು ಹಾಕಿ ತೊಳೆಯಬೇಕು, ಆಮೇಲೆ ಬೇರೆ ಬುಟ್ಟಿ ಏರಿಸಬೇಕು. ಅದೂ ಬಸುರಿಯ ಉಡಿ ತುಂಬುವ ಮನೆಗೆ! ನಮ್ಮಲ್ಲಿ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆ್ಯಪ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತಿರದ ಮನೆಗಳೆಂದು ಎರಡನ್ನೂ ನವಾಜನ ಒಂದೇ ಟ್ರಿಪ್ಪಿಗೆ ಹಾಕಿತು. ಮೊದಲು ಮಾಸ್ತರರ ಮನೆ, ಅಲ್ಲಿಂದ ನೇರ ಕುಬಸದ ಮನೆ. ಬುಟ್ಟಿ ಏರಿಸುವಾಗ ನಾನು ಹೋಳಿಗೆಯ ಮುಂದೆ ಕುಳಿತಿದ್ದೆ. ಕಣ್ಣಿತ್ತು, ನೋಡಲಿಲ್ಲ.

ಗಾಡಿಯ ಮೇಲೆ ಕೆಂಪು ಅಕ್ಷರದಲ್ಲಿ ಸಾವಕ್ಕನ ರೊಟ್ಟಿ ಮನೆ ಎಂದಿದೆ. ಬೀಗರ ಕಡೆಯ ಅತ್ತೆಯೊಬ್ಬಳು ಬರುವ ದಾರಿಯಲ್ಲಿ ಮಾಸ್ತರರ ಬಾಗಿಲಲ್ಲಿ ಅದನ್ನು ಓದಿದ್ದಳು. ಕಾಲು ತಾಸಿನಲ್ಲಿ ಅದೇ ಹೆಸರು ಕುಬಸದ ಮನೆಯ ಬಾಗಿಲಿಗೆ ಬಂತು. ಹೋಳಿಗೆ ಹೊಸ್ತಿಲು ದಾಟಲಿಲ್ಲ.

ಅಲ್ಲಿಂದ ಫೋನ್ ಬಂತು, ಆಟೋ ಹಿಡಿದು ಓಡಿದೆ. ಹಸಿರು ಸೀರೆ ಉಟ್ಟ ಭಾಗ್ಯಾ ಕುರ್ಚಿಯ ಮೇಲೆ ಅಳುತ್ತ ಕುಳಿತಿದ್ದಳು. ಅಂಗಳದ ತುಂಬ ಜನ. ನವಾಜ ಗಾಡಿಯ ಬಾಜೂಕ್ಕೆ ಕೈಕಟ್ಟಿ ನಿಂತಿದ್ದ. ಆ ಅತ್ತೆ ಅವನನ್ನು ನೋಡುತ್ತಲೇ ನನಗೆ ಅಂದಳು —

"ಅಂವ ಸಾಬಾ, ಅವಗ ನಮ್ಮ ಪದ್ಧತಿ ಏನ ಗೊತ್ತಿರತೈತಿ? ನೀವರ ಹೇಳಿ ಕಳಸಬಾರದೇನ್ರಿ?"

ಎಲ್ಲರೂ ನನ್ನ ಮುಖ ನೋಡಿದರು.

"ಹೇಳಿದ್ದೆರಿ. ಅವಗ ತಿಳೀಲಿಲ್ಲ" ಅಂದೆ.

ಹೇಳಿರಲಿಲ್ಲ. ಅವನಿಗೆ ತಿಳಿದಿತ್ತು.

ಹೊರಡುವ ಮುಂಚೆ ಫೋನ್ ಟಿಣ್ ಅಂದಿತ್ತು. ಎಷ್ಟೋ ದಿನದ ಮೇಲೆ. ದಾರಿ ಬದಲಿ, ಕಾರಣ: ಬ್ಯಾರೆ ಟ್ರಿಪ್. ಹಿಟ್ಟಿನ ಬೆರಳಲ್ಲೇ ಕೆಂಪು ಒತ್ತಿದೆ. ಆಮೇಲೆ ಅವನೇ ಫೋನ್ ಮಾಡಿದ. "ಅವ್ವಾರ, ಆ ಎರಡ ಮನಿ..." ಅನ್ನುವಷ್ಟರಲ್ಲಿ, ಅದು ಹೇಳಿದಂಗ ಹೋಗು ಅಂದಿದ್ನಲ್ಲಾ ಎಂದು ಕಟ್ ಮಾಡಿದೆ.

ಹತ್ತೊಂಬತ್ತು ವರ್ಷದಲ್ಲಿ ಈ ಪದ್ಧತಿಯನ್ನು ಅವನಿಗೆ ಒಮ್ಮೆಯೂ ಹೇಳಿಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಅವನೇ ಬೇರೆ ಟ್ರಿಪ್ ಮಾಡುತ್ತಿದ್ದ, ತಿರುಗಿ ಬಂದು ನಳದ ಕೆಳಗೆ ಗಾಡಿ ತೊಳೆಯುತ್ತಿದ್ದ. ನೀರು ಹಾಳು ಮಾಡುತ್ತೀ ಎಂದು ಬೈದದ್ದು ನಾನೇ.

ಅವನಿಗೆ ತಿಳಿಯಲಿಲ್ಲ ಎಂದು ನಾನು ಅಂದಾಗ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಬುಟ್ಟಿಗಳನ್ನು ತಿರುಗಿ ಗಾಡಿಗೆ ಏರಿಸಿದ.

ಡಿಸೆಂಬರ್ 6, ಶನಿವಾರ

ನವಾಜ ಗಾಡಿಯ ಕೀಲಿಯನ್ನು ಗೀತಾಂಜಲಿಯ ಕೈಗೆ ಕೊಟ್ಟು ಹೋದ. ನಾನು ಒಳಗಿದ್ದೆ. ಕೇಳಿಸಿತು. ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಬಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. 10.41, ಬದಲಿ ಕೇಳಿದವರು ನವಾಜ. 10.42, ನಿರಾಕರಿಸಿದವರು ಮಾಲೀಕರು.

"ಅಳಸಾಕ ಬರೂದಿಲ್ರಿ ಇದು" ಅಂದಳು.

ಅಳಿಸು ಎಂದು ಯಾರು ಕೇಳಿದರು ಎಂದೆ. ಅವಳು ಫೋನ್ ತಿರುಗಿ ತೆಗೆದುಕೊಂಡಳು. ಇನ್ನು ಮೇಲೆ ಇಂಥ ಎರಡು ಮನೆ ಕೂಡದಂತೆ ಅದರಲ್ಲಿ ಒಂದು ಗುರುತು ಹಾಕಿದ್ದೇನೆ ಎಂದು ಹೇಳಿ ಹೋದಳು. ಎರಡು ನಿಮಿಷದ ಕೆಲಸವಂತೆ.

ಡಿಸೆಂಬರ್ 24, ಬುಧವಾರ

ಮಂಗಲ ಕಾರ್ಯಾಲಯದ ಗಿರಿಯಪ್ಪ ಫೋನ್ ಮಾಡಿದ್ದ. ನವಾಜ ಅವನಲ್ಲಿ ಡ್ರೈವರ್ ಕೆಲಸ ಕೇಳಿದ್ದಾನೆ. "ಮನಷ್ಯಾ ಛಲೋ ಅನ್ನೂದು ಗೊತ್ತೈತ್ರಿ ಅಕ್ಕಾರ. ಆದ್ರ ಆ ಕುಬಸದ ಮನಿ ಸುದ್ದಿ ಊರೆಲ್ಲಾ ಆಗೇತಿ. ನಮ್ದು ದಿನಾ ಲಗ್ನದ ಕೆಲಸ. ಖರೇ ಏನಾತು?"

ಒಂದೇ ಮಾತು ಸಾಕಿತ್ತು. ಬೇಡ ಅಂದದ್ದು ನಾನೇ ಎಂದು. ಹೇಳಿದರೆ ಗಿರಿಯಪ್ಪ ಸಂಜೆಯೊಳಗೆ ಹತ್ತು ಮನೆಗೆ ಮುಟ್ಟಿಸುತ್ತಾನೆ. ಸಾವಕ್ಕ ಸುಳ್ಳು ಹೇಳಿದಳು ಎಂದು.

ಕೆಲಸದಲ್ಲಿ ಚೊಕ್ಕ, ವಯಸ್ಸಾಯಿತು ನೋಡು, ಒಮ್ಮೊಮ್ಮೆ ಮರೆಯುತ್ತಾನೆ — ಹೀಗಂದೆ. ನಾನೇ ಅಂದೆ.

ಜನವರಿ 8, ಗುರುವಾರ

ಹದಿನೈದು ದಿನ ಬರೆದಿಲ್ಲ. ಬರೆಯುವಂಥದ್ದು ಮಾಡಿರಲಿಲ್ಲ.

ಇವತ್ತು ನವಾಜನ ಹೆಂಡತಿ ಶಮೀಮ ಬಂದಿದ್ದಳು. ಕೂಡು ಎಂದೆ, ಕೂಡಲಿಲ್ಲ. ಅವನು ಈಗ ಪಾರ್ಸಲ್ ಕಂಪನಿಯಲ್ಲಿ ಮೋಟರ್‌ಸೈಕಲ್ ಮೇಲೆ ಹಂಚುತ್ತಾನಂತೆ, ಬೆನ್ನಿಗೆ ಚೀಲ ಹೊತ್ತು, ರಾತ್ರಿ ಎಂಟರವರೆಗೆ, ಐವತ್ನಾಲ್ಕರ ವಯಸ್ಸಿನಲ್ಲಿ. ಮೊದಲು ಭಾನುವಾರಕ್ಕೊಮ್ಮೆ ಲಗ್ನದ ಮನೆಗಳ ಸಾಮಾನು ಒಯ್ಯುವ ಕೆಲಸ ಸಿಗುತ್ತಿತ್ತು. ಈಗ ಕಾರ್ಯದ ಮನೆಯವರು ಯಾರೂ ಕರೆಯುವುದಿಲ್ಲ.

"ನೀವು ಬ್ಯಾಡ ಅಂದಿದ್ದು ಇವರ ಫೋನಿನ್ಯಾಗೂ ಐತ್ರಿ. ಆ ಕುಬಸದ ಮನಿ ಬಾಯಾರಿಗೆ ಕಳಸೂಣು ಅಂತ ನಮ್ಮ ಅಳಿಯಾ ಜಿದ್ದ ಹಿಡದಾನ. ಇವರು ಒಲ್ಲೆ ಅಂದ್ರು. ಫೋನ್ ಹೇಳಿದ್ರ ಏನ ಬಂತು, ಅವ್ವಾರ ತಮ್ಮ ಬಾಯಿಲೆ ಹೇಳಬೇಕು ಅಂತಾರ."

ಚಪ್ಪಲಿ ಮೆಟ್ಟುತ್ತ, "ನಾ ಬಂದಿದ್ದು ಅವರಿಗೆ ಗೊತ್ತಿಲ್ರಿ" ಅಂದಳು.

ನನ್ನ ಉತ್ತರಕ್ಕೆ ಕಾಯದೆ ಹೋದಳು.

ಜನವರಿ 23, ಶುಕ್ರವಾರ. ಮಧ್ಯಾಹ್ನ 3

ಭಾಗ್ಯಾಳಿಗೆ ಹೆಣ್ಣು ಕೂಸು. ತಾಯಿ ಮಗು ಸುಖ. ಇವತ್ತು ತೊಟ್ಟಿಲು. ಆದದ್ದಾತು, ನೀವು ಬರಲೇಬೇಕು ಎಂದು ದ್ರಾಕ್ಷಾಯಿಣಿಬಾಯಿಯೇ ಕರೆದಿದ್ದರು. ಅಡಿಗೆ ಮಾತ್ರ ಬೇರೆಯವರದು.

ಹೋದೆ. ಗಂಡನಿಲ್ಲದವಳು, ಹಿಂದಿನ ಸಾಲಿನಲ್ಲಿ ಕುಳಿತೆ. ಗದಗಿನ ಆ ಅತ್ತೆಯೂ ಬಂದಿದ್ದಳು. ಹೆಸರಿಟ್ಟರು, ಹಾಡು ಮುಗಿಯಿತು. ಎಲೆ ಹಾಕುವ ಮುಂಚೆ ಎದ್ದು ನಿಂತೆ. ಕೂತು ಹೇಳಿದ್ದರೆ ಅರ್ಧ ಜನಕ್ಕೆ ಕೇಳಿಸುತ್ತಿರಲಿಲ್ಲ. ಅವತ್ತು ಎಲ್ಲರಿಗೂ ಕೇಳಿಸಿತ್ತು.

"ಕುಬಸದ ದಿವಸ ನವಾಜನ ತಪ್ಪಿರಲಿಲ್ಲ. ಗಾಡಿ ಬ್ಯಾರೆ ಮಾಡೂಣು ಅಂತ ಅಂವ ಎರಡ ಸಲ ಕೇಳಿದ. ನಾನ ಬ್ಯಾಡ ಅಂದೆ. ಆಮ್ಯಾಲೆ ನಿಮ್ಮ ಮುಂದ ಅವನ ಮ್ಯಾಲೆ ಹಾಕಿದೆ."

ಆ ಅತ್ತೆ ಕೇಳಿದಳು, "ಅಂದ್ರ ಅವತ್ತ ನೀವು ಹೇಳಿದ್ದು ಸುಳ್ಳೇನ್ರಿ?"

"ಹೌದ್ರಿ."

ಹೊಗಳಲಿ ಎಂದು ಹೋಗಿರಲಿಲ್ಲ. ಆದರೆ ನವಾಜನ ಬಗ್ಗೆ ಒಬ್ಬರಾದರೂ ಒಂದು ಮಾತು ಆಡುತ್ತಾರೆ ಎಂದುಕೊಂಡಿದ್ದೆ. ಛೇ, ಪಾಪ ಎಂದಾದರೂ... ಇಲ್ಲ. ದ್ರಾಕ್ಷಾಯಿಣಿಬಾಯಿ ಕೂಸಿನ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಇದನ್ನ ಇವತ್ತ ಹೇಳಬೇಕಾಗಿತ್ತೇನ್ರಿ?" ಅಂದರು.

ಊಟಕ್ಕೆ ನಿಲ್ಲಲಿಲ್ಲ. ನಿಲ್ಲು ಎಂದು ಯಾರೂ ಅನ್ನಲೂ ಇಲ್ಲ.

ಮನೆಗೆ ಬಂದು ಗಿರಿಯಪ್ಪನಿಗೂ ಫೋನ್ ಮಾಡಿ ಹೇಳಿದೆ. ಬೇರೆ ಡ್ರೈವರ್ ಸಿಕ್ಕು ತಿಂಗಳಾಯಿತಂತೆ.

ಸಂಜೆ 5

ನವಾಜನಿಗೆ ಫೋನ್ ಮಾಡಿದೆ. ಎತ್ತಿದ. ಹಿಂದೆ ಗಾಡಿಗಳ ಸದ್ದು, ಇನ್ನೂರು ಮೀಟರಿಗೆ ಬಲಕ್ಕೆ ತಿರುಗಿ ಎನ್ನುವ ಹೆಣ್ಣಿನ ದನಿ. ನಾನು ಸಾವಕ್ಕ ಎಂದೆ.

"ಗೊತ್ತಾತ್ರಿ. ಈಗ ನಿಂದ್ರಾಕ ಬರೂದಿಲ್ರಿ ಅವ್ವಾರ, ಇನ್ನ ನಲವತ್ತ ಮನಿ ಅದಾವು."

ಇಟ್ಟುಬಿಟ್ಟ.

ಎಂಟಕ್ಕೆ ಅವನ ಕೆಲಸ ಮುಗಿಯುತ್ತದೆ ಎಂದು ಶಮೀಮ ಅಂದಿದ್ದಳು. ಆಗ ಮಾಡುತ್ತೇನೆ. ಬಾಯಿ ತಪ್ಪಬಾರದು, ಹೇಳುವುದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ನವಾಜ, ಇವತ್ತು ಅವರ ಮನೆಗೆ ಹೋಗಿದ್ದೆ. ಎಲ್ಲರ ಮುಂದೆ ಹೇಳಿದೆ — ಅಲ್ಲ, ಇದೂ ನನ್ನ ದೊಡ್ಡಸ್ತಿಕೆಯೇ ಆಯಿತು. ಈ ಸಾಲು ಹೊಡೆದು ಹಾಕಬೇಕು. ನವಾಜ, ಅವತ್ತು ನೀನು ಕೇಳಿದಾಗ ನಾನು ಬೇಡ ಅಂದೆ, ಆಮೇಲೆ ಸುಳ್ಳು ಹೇಳಿದೆ. ತಪ್ಪು ನನ್ನದು.