ದುಬಾರಿ ಹೆಂಗಸು

ರೌಂಡ್ ರಾಕ್
೧೪ ಅಕ್ಟೋಬರ್ ೨೦೧೬

ಮೋಹನರಾಜ ಅವರಿಗೆ,

ಕುಮುದಾ ಮಾಡುವ ನಮಸ್ಕಾರ. ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ತಪ್ಪು ತಿಳಿದುಕೊಂಡರೂ ಪರವಾಗಿಲ್ಲ.

ರಾಜ್ಯೋತ್ಸವದ ದಿನ ಇರ್ವಿಂಗ್‌ನಲ್ಲಿ ನಿಮ್ಮ ಪುಸ್ತಕ ಬಿಡುಗಡೆಯಂತೆ. ಗಂಡ ಹೆಂಡತಿ ಬೇರೆಯಾಗಿದ್ದರೂ ಅಂದು ವೇದಿಕೆಯಲ್ಲಿ ಪಕ್ಕ ಕೂತರೆ ಜನ ಆಡಿಕೊಳ್ಳುವುದಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ನಿಮ್ಮ ಪುಸ್ತಕ! ‘ಐರಿಷ್ ಕಾವ್ಯದಲ್ಲಿ ಗುಲಾಮಗಿರಿ’! ಆಸ್ಟಿನ್‌ನಲ್ಲಿ ಐರಿಷ್ ಕಲಿಸುವ ನೋರಾ ಅವರ ಮುಂದೆ ವರ್ಷಗಟ್ಟಲೆ ಕೂತು ಆ ಭಾಷೆ ಕಲಿತವಳು ನಾನು, ಕವಿತೆಗಳನ್ನು ಕನ್ನಡಕ್ಕೆ ತಂದವಳು ನಾನು. ಕೆಲಸವಿಲ್ಲದವಳ ಕೆಲಸ ಎಂದು ನಕ್ಕವರು ನೀವು. ನಾನು ಮನೆ ಬಿಡುವಾಗ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದ ನನ್ನ ಕರಡುಪ್ರತಿಗೆ ನಿಮ್ಮ ಹೆಸರು ಹಚ್ಚಿಕೊಂಡಿರಿ. ನನಗೆ ಮೈಯೆಲ್ಲ ಉರಿಯುತ್ತದೆ.

ನೆಲ ಹೋಯಿತು, ನಾವು ಅಡಿಯಾಳಾದೆವು ಎಂದು ಆ ಕವಿಗಳು ತಲೆಮಾರುಗಳ ಕಾಲ ಅದನ್ನೇ ಹಾಡಿದರು. ಅವರ ಸಂಕಟಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಅತಿಥಿಗಳ ಮುಂದೆ ನೀವು ನನ್ನನ್ನು ಸಂಬಳವಿಲ್ಲದ ಆಳು ಎಂದು ತಮಾಷೆ ಮಾಡಿದ ದಿನವೇ ಆ ಸಾಲುಗಳು ನನಗೆ ಒಳಗಿಳಿದದ್ದು.

ಹ್ಯೂಸ್ಟನ್ನಿನ ನಿಮ್ಮ ಭಾಷಣಕ್ಕೆ ನಾನೂ ಬಂದಿದ್ದೆ, ಹಿಂದೆ ಕೂತಿದ್ದೆ. ಐರಿಷ್‌ನಲ್ಲಿ ‘ಡೀರ್’ ಎಂದರೆ ದಾಸ್ಯದಲ್ಲಿರುವ ಎಂದೂ ಹೌದು, ದುಬಾರಿ ಎಂದೂ ಹೌದು. ಕರಡಿನಲ್ಲಿ ಎರಡು ಅರ್ಥವನ್ನೂ ಬರೆದಿಟ್ಟಿದ್ದೆ. ಆರಿಸಿದವರು ನೀವು. ಸಂಕೋಲೆಯಲ್ಲಿರುವ ನಾಡನ್ನು ಹೆಣ್ಣೆಂದು ಕಂಡು ಕವಿ ಅಳುವ ಕಡೆ, ‘ಅಯ್ಯೋ ನನ್ನ ದುಬಾರಿ ಹೆಂಗಸೇ’ ಎಂದು ಗದ್ಗದ ಕಂಠದಲ್ಲಿ ಓದಿದಿರಿ! ‘ಡೀರ್’ ಎಂದು ಉಚ್ಚರಿಸಬೇಕಾದ ಮೂಲ ಪದವನ್ನು ಬರೆದ ಅಕ್ಷರ ನೋಡಿ ‘ದಾವೋರ್’ ಎಂದಿರಿ. ಮುಂದಿನ ಸಾಲಿನಲ್ಲಿದ್ದ ಜಯದೇವಿ ಆಂಟಿ ಕಣ್ಣೊರೆಸಿಕೊಂಡರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅಚ್ಚಿಗೆ ಮುನ್ನ ಒಮ್ಮೆ ನೋಡಿಕೊಡು ಎಂದು ನನಗೇ ಕಳುಹಿಸಿದಿರಲ್ಲ, ನಿಮ್ಮ ಧೈರ್ಯವೇ ಧೈರ್ಯ. ನೋಡಿದೆ. ಎಲ್ಲಾ ಚೆನ್ನಾಗಿದೆ ಎಂದು ಬರೆದೆ. ಒಂದಕ್ಷರವನ್ನೂ ತಿದ್ದಲಿಲ್ಲ.

ಖಂಡಿತ ಬರುತ್ತೇನೆ. ನೀವು ಹೇಳಿದಂತೆ ರೇಷ್ಮೆ ಸೀರೆಯನ್ನೇ ಉಡುತ್ತೇನೆ.

ಇತಿ,
ನಿಮ್ಮ ದುಬಾರಿ ಹೆಂಗಸು
ಕುಮುದಾ

ಮರೆತಿದ್ದೆ: ನೋರಾ ಅವರೂ ಬರುತ್ತಿದ್ದಾರೆ. ಆ ಭಾಷೆಯವರಿಂದಲೇ ಬಿಡುಗಡೆ ಮಾಡಿಸೋಣ ಎಂದು ಕನ್ನಡ ಸಂಘದ ಅಧ್ಯಕ್ಷ ಗುರುದತ್ತರಿಗೆ ನಾನೇ ಹೇಳಿದೆ. ಅವರಿಗೆ ಖುಷಿಯೋ ಖುಷಿ. ನೀವು ಮೊದಲು ಒಂದು ಕವಿತೆಯನ್ನು ಮೂಲದಲ್ಲೇ ಓದಬೇಕಂತೆ, ಆಮೇಲೆ ನೋರಾ ಐರಿಷ್‌ನಲ್ಲೇ ಪ್ರಶ್ನೆ ಕೇಳುತ್ತಾರಂತೆ. ಗಾಬರಿಯಾಗಬೇಡಿ, ಪಕ್ಕದಲ್ಲೇ ಕೂತಿರುತ್ತೇನೆ. ಏನು ಕೇಳಿದರು ಎಂದು ಮಾತ್ರ ನನ್ನ ಕಡೆ ತಿರುಗಬೇಡಿ. ಆಳಿಗೆ ಅಂದು ರಜೆ.