ಬಂಗಾರದ ತಲೆಯಿಂದ ಎಣಿಸಿದ ಲೆಕ್ಕ

ಸೆಪ್ಟೆಂಬರ್ 6, ಶನಿವಾರ, ಬೆಳಿಗ್ಗೆ
ಬಾಬೆಲಿನ ಅರಸ ಕನಸಿನಲ್ಲಿ ಕಂಡ ಪ್ರತಿಮೆಗೆ ಮೊಣಕಾಲಿನವರೆಗೆ ಬಣ್ಣ ಮುಗಿಯಿತು. ಹಳೆ ಬೆಡ್‌ಶೀಟಿನ ಮೇಲೆ ಆರಡಿ ಆಳು. ತಲೆ ಬಂಗಾರ — ಬಾಬೆಲ್. ಎದೆ ಬೆಳ್ಳಿ — ಮೇದ್ಯರು, ಪಾರಸಿಯರು. ಹೊಟ್ಟೆ ತಾಮ್ರ, ಗ್ರೀಕರು. ಕಾಲು ಕಬ್ಬಿಣ, ರೋಮ್. ಪಾದದಲ್ಲಿ ಮಾತ್ರ ಕಬ್ಬಿಣ, ಜೇಡಿಮಣ್ಣು ಎರಡೂ. ಅವು ಒಂದಕ್ಕೊಂದು ಅಂಟುವುದಿಲ್ಲವೆಂದು ಆ ಕನಸಿನ ಅರ್ಥ ಬಿಡಿಸಿದ ದಾನಿಯೇಲ ಹೇಳಿದ್ದೇನೂ ದೊಡ್ಡದಲ್ಲ. ವೆಲ್ಡಿಂಗ್ ಮಾಡುವ ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿದ್ದೆ. ಏಳನೇ ಕ್ಲಾಸು ಓದಿದವನು ಭಾನುವಾರದ ಬೈಬಲ್ ಕ್ಲಾಸಿಗೆ ಪಾಠ ಮಾಡುವುದೆಂದರೆ ಹುಡುಗಾಟವೇ?

ಸೆಪ್ಟೆಂಬರ್ 7
ಹೇಳಿಯೇಬಿಟ್ಟೆ. ರಾಜ್ಯಗಳ ವರ್ಷಗಳನ್ನೆಲ್ಲ ಕೂಡಿಸಿದರೆ ಲೋಕದ ಕೊನೆ ಬರುವ ನವೆಂಬರ್ ಹದಿಮೂರಕ್ಕೆ. ಗುರುವಾರ. ಪಾಸ್ಟರ್ ಕೆಮ್ಮಿದರು.
"ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಬರೆದಿದೆಯಲ್ಲ ಬ್ರದರ್?"
"ಗೊತ್ತಿಲ್ಲ ಪಾಸ್ಟರ್, ಅದಕ್ಕೇ ಲೆಕ್ಕ ಹಾಕಿದ್ದು!"
ಮುಂದಿನ ಬೆಂಚಿನಲ್ಲಿದ್ದ ನನ್ನಕ್ಕ ಪಕ್ಕದ ಹೆಂಗಸರಿಗೆ ಹೇಳುತ್ತಿದ್ದಳು — "ನನ್ನ ತಮ್ಮ." ಎರಡೇ ಶಬ್ದ. ಒಂದು ಇಂಚು ಬೆಳೆದೆ.

ಸೆಪ್ಟೆಂಬರ್ 10
ಸೊಸೆ — ಅಕ್ಕನ ಮಗಳು — ಪೋಸ್ಟ್ ಆಫೀಸಿನಿಂದ ನೇರ ವರ್ಕ್‌ಶಾಪಿಗೇ ಬಂದಳು. ಮುಖದಲ್ಲಿ ನಗುವಿಲ್ಲ.
"ಮಾಮಾ, ಅಮ್ಮ ಕಣ್ಣಿನ ಆಪರೇಷನ್ ಬೇಡ ಅಂತಿದ್ದಾಳೆ."
"ಹೆದರಿಕೆಯಾ?"
"ಹೆದರಿಕೆಯಲ್ಲ, ನೀವು! ಎರಡು ತಿಂಗಳಿಗೆ ಕರ್ತ ಬರ್ತಾನಂತೆ, ಅಷ್ಟರಲ್ಲಿ ಯಾಕೆ ಕಣ್ಣು ಕೊಯ್ಸ್ಕೋಬೇಕು ಅಂತಾಳೆ."
ಪೊರೆ ಗಟ್ಟಿಯಾಗಿದೆ, ತಡಮಾಡಿದರೆ ಒತ್ತಡ ಏರಿ ಕಣ್ಣೇ ಹೋಗಬಹುದು ಅಂದಿದ್ದಾರಂತೆ ಡಾಕ್ಟರ್. ಇನ್ನೊಂದು ಕಣ್ಣೂ ಮಂಜು.
ನಾನು ಹೇಳಿ ಸರಿಮಾಡ್ತೀನಿ, ಹೋಗು ಅಂದೆ. ನನ್ನ ಮಾತನ್ನು ಅಕ್ಕ ಮೀರಿದ್ದುಂಟೇ?

ಸೆಪ್ಟೆಂಬರ್ 22
ಮೀರಿದಳು. ಮೂರು ಸಲ ಹೋಗಿ ಬಂದೆ. "ನೀನೇ ಹೇಳಿ ನೀನೇ ಹಿಂದೆ ಸರೀತೀಯೇನೋ?" ಅಂತಾಳೆ. ಇವತ್ತು ಟೀ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟಳು. ಬಿತ್ತು. "ಕೈ ಜಾರಿತು" ಅಂದಳು. ಕೈಯಲ್ಲ.
ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಮೊದಲ ಪುಟದಲ್ಲೇ ಸಿಕ್ಕಿತು... ಮೇದ್ಯರಿಗೊಮ್ಮೆ, ಪಾರಸಿಯರಿಗೊಮ್ಮೆ — ಅದೇ ಇನ್ನೂರು ವರ್ಷ ಎರಡು ಸಲ ಎಣಿಸಿದ್ದೇನೆ. ಇಬ್ಬರದೂ ಒಂದೇ ರಾಜ್ಯ. ಒಂದೇ ಎದೆ, ಎರಡು ತೋಳು. ಸರಿಯಾಗಿ ಕೂಡಿಸಿದರೆ ಲೋಕ ನನ್ನ ಮುತ್ತಜ್ಜನ ಮುತ್ತಜ್ಜನ ಕಾಲಕ್ಕೇ ಮುಗಿದಿರಬೇಕಿತ್ತು.
ಯಾರಿಗೂ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ 25
ಹೇಳಬೇಕು.

ಸೆಪ್ಟೆಂಬರ್ 28, ಭಾನುವಾರ
ಹೇಳಿದೆ. ಎಲ್ಲರ ಮುಂದೆ. ಹಿಂದಿನ ಸಾಲಿನಿಂದ ಟೈಲರ್ — "ಅಂದ್ರೆ ಲೋಕ ಮುಗಿದು ಇನ್ನೂರು ವರ್ಷ ಆಯ್ತಾ? ಒಬ್ರೂ ಹೇಳ್ಲಿಲ್ಲವಲ್ರೀ!" ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕ ನಗಲಿಲ್ಲ.
ಕೈಹಿಡಿದು ಮನೆಗೆ ಕರೆದುಕೊಂಡು ಹೊರಟೆ.
"ಹಾಗಾದ್ರೆ ಕರ್ತ ಬರಲ್ವೇನೋ?"
"ಬರ್ತಾನಕ್ಕ. ನನ್ನ ನೋಟ್‌ಬುಕ್ ನೋಡ್ಕೊಂಡು ಬರಲ್ಲ, ಅಷ್ಟೆ."
ಪ್ರವಾದಿ ಯೆರೆಮೀಯನ ಸಂಗತಿ ಹೇಳಿದೆ. ಬಾಬೆಲಿನ ದಂಡು ಅವನ ಪಟ್ಟಣ ಮುತ್ತಿದೆ. ಇಂದೋ ನಾಳೆಯೋ ಎಲ್ಲ ಬೂದಿ. ಅದು ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಆದರೂ ಹೊಲ ಕೊಂಡ. ಅದರ ಕ್ರಯಪತ್ರ ಬಹುಕಾಲ ಉಳಿಯಲೆಂದು ಮಡಕೆಯಲ್ಲಿ ಇಡಿಸಿದ.
"ಪ್ರವಾದಿಗೇ ಹೊಲ ಬೇಕಾಯ್ತು. ನಿನಗೆ ಕಣ್ಣು ಬೇಡ್ವಾ?"
ಮನೆ ಬಂತು, ಗೇಟಿನ ಚಿಲಕ ತಡವಿ ಹುಡುಕಿದಳು. ಆಮೇಲೆ, "ಬರೋನನ್ನ ನೋಡೋಕಾದ್ರೂ ಕಣ್ಣು ಬೇಕಲ್ವೇನೋ" ಅಂದಳು.
ಈ ಮಾತು ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆಕಿಚ್ಚಾಯಿತು.

ಅಕ್ಟೋಬರ್ 7
ಆಪರೇಷನ್ ಆಯಿತು. ಇಪ್ಪತ್ತೇ ನಿಮಿಷ ಅಂತೆ. ಹೊರಗೆ ಬೆಂಚಿನಲ್ಲಿ ಕುಳಿತವನಿಗೆ ನಾಲ್ಕು ಸಾಮ್ರಾಜ್ಯ ಎದ್ದು ಬಿದ್ದಷ್ಟು ಹೊತ್ತು.

ಅಕ್ಟೋಬರ್ 9, ಮಧ್ಯಾಹ್ನ
ನಿನ್ನೆ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ನೋಡಿದ್ದು ನನ್ನನ್ನು. "ಅಯ್ಯೋ, ಯಾವಾಗ ಇಷ್ಟು ನರೆತೆಯೋ?" ಮನೆಗೆ ಬಂದು ನೋಡಿದ್ದು ಜೇಡರ ಬಲೆ. ಕಣ್ಣು ಬಂದದ್ದು ಅವಳಿಗೆ, ಕಷ್ಟ ಬಂದದ್ದು ನನಗೆ. ಬೆಳಿಗ್ಗೆಯಿಂದ ಏಣಿಯ ಮೇಲೆ ನಾನು, ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಅವಳು.
"ಎಡಗಡೆ. ಫ್ಯಾನಿನ ಪಕ್ಕ."
"ಎಲ್ಲಿ?"
"ಅಲ್ಲೇ ಕಣೋ, ಮೂಗಿನ ಮುಂದೆ!"
ಏನೂ ಕಾಣಲಿಲ್ಲ. ಇಳಿದು ಕಣ್ಣೊರೆಸಿಕೊಂಡು ಮತ್ತೆ ಹತ್ತಿದೆ. ಇಲ್ಲ. ಕೆಳಗೆ ನೋಡಿದರೆ ಅಕ್ಕ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದಾಳೆ. ಸೊಸೆಯನ್ನು ಕೂಗಿದಳು — ಆಸ್ಪತ್ರೆಗೆ ಫೋನ್ ಮಾಡು, ಇನ್ನೊಬ್ರಿದ್ದಾರೆ ಅನ್ನು.
ನನಗಾ? ಹದ್ದಿನ ಕಣ್ಣು ನನ್ನದು. ಹೆದರಿಕೆಯೇನಿಲ್ಲ. ಅಕ್ಕನ ಸಮಾಧಾನಕ್ಕೆ ಸುಮ್ಮನೆ ಒಂದು ಸಲ ತೋರಿಸಿಕೊಂಡು ಬಂದರೆ...