ನೀನೇ ಓದಬೇಕಾದ ಕಾಗದ

ವಿಂಡಮ್ ವೇಲ್, ಮೆಲ್ಬರ್ನ್
೧೪ ಜೂನ್ ೨೦೨೫

ಚನ್ನಕ್ಕನಿಗೆ ತಮ್ಮ ಈರಯ್ಯನ ಶರಣು.

ಇಲ್ಲಿ ಎಲ್ಲರೂ ಆರಾಮ. ನಿನ್ನ ಮೊಣಕಾಲು ಹೇಗಿದೆ? ಎರಡು ತಿಂಗಳು ತಡವಾಯಿತು, ಬೈಯುವುದಿದ್ದರೆ ಬೈ. ಫೋನಿನಲ್ಲಿ ಆಡುವ ಮಾತಲ್ಲ ಅಂತ ಕಾಗದ ಹಿಡಿದೆ, ಹಿಡಿದರೆ ಕೈ ಓಡಲಿಲ್ಲ. ಇದನ್ನು ನೀನೇ ಓದು. ಅರವತ್ತರ ಮೇಲೆ ಸಂಘದಲ್ಲಿ ಅಕ್ಷರ ಕಲಿತವಳು, ನಿಧಾನವಾದರೂ ಆಗಲಿ. ಪಕ್ಕದ ಮನೆ ಸಂಧ್ಯಾರಾಣಿ ಕೈಗೆ ಮಾತ್ರ ಕೊಡಬೇಡ.

ಯುಗಾದಿಗೆ ಫೋನು ಮಾಡಿದಾಗ, ಅವ್ವನ ಫೋಟೊ ಕಳಿಸುತ್ತೇನೆ, ಗೋಡೆಗೆ ಹಾಕು ಅಂದೆ. "ಮುಂಬಯಿಯಿಂದ ಕಾಗದ ಬರೆಸಿದ್ದೆ. ಓದಿಸಿ ಕೇಳಿಯೂ ಬರಲಿಲ್ಲ ಆಕೆ. ನನ್ನ ಮನೆಯಲ್ಲಿ ಆಕೆಯ ಫೋಟೊ ಬೇಡ" ಅಂದಿ. ಏಳು ವರ್ಷದ ಮೇಲೆ ನೀನು ಅಲ್ಲಿಂದ ಬಿಡಿಸಿಕೊಂಡು ಬಂದಾಗ ಅವ್ವ ಮಣ್ಣಾಗಿದ್ದಳು, ಕೇಳುವುದಕ್ಕೂ ಸಿಗಲಿಲ್ಲ. ಕೊನೆಗೆ "ಯಾರನ್ನು ಬೈದು ಏನು, ಬಸ್ಸು ಹತ್ತಿದವಳು ನಾನೇ ಅಲ್ಲೇನೋ" ಅಂತ ಫೋನಿಟ್ಟಿ. ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಮೊಮ್ಮಗಳು ಮಹಾಶ್ವೇತಾ ಇಲ್ಲಿ ಲಾ ಓದುತ್ತಾಳೆ. ಹುಡುಗಿಯರನ್ನು ಸುಳ್ಳು ಹೇಳಿ ಒಯ್ದು ಆ ದಂಧೆಗೆ ಹಾಕುವವರಿಗೆ ಇಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಮಗ ವಿರೂಪಾಕ್ಷ "ಊಟದ ಹೊತ್ತಿಗೆ ಇದೇನಪ್ಪಾ" ಅಂದ. "ನಿನ್ನನ್ನು ಕೇಳಿಲ್ಲ, ಉಣ್ಣು" ಅಂದೆ.

ಹುಡುಗಿ ನನ್ನನ್ನು ಕೋರ್ಟಿಗೇ ಕರೆದೊಯ್ದಳು. ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಜೇಬಿನಿಂದ ಚಕ್ಕುಲಿ ತೆಗೆದದ್ದಕ್ಕೆ ಅಲ್ಲಿಯ ಸಿಪಾಯಿ ಕಣ್ಣು ಬಿಟ್ಟ. ನಾನೂ ಬಿಟ್ಟೆ.

ಯಾವುದೋ ದೇಶದ ಹುಡುಗಿಯ ಕೇಸು. ಹೋಟೆಲ್ ಕೆಲಸ ಅಂತ ಹೇಳಿ ಸಿಡ್ನಿಯಲ್ಲಿ ಇಳಿಸಿ, ಮೆಲ್ಬರ್ನ್‌ಗೆ ತಂದು, ಪಾಸ್‌ಪೋರ್ಟ್ ಕಸಿದು ಒಂದು ಮನೆಯಲ್ಲಿಟ್ಟಿದ್ದರು. ಮುಂದಿನದನ್ನು ನಿನಗೆ ನಾನು ಬಿಡಿಸಿ ಹೇಳಬೇಕೇ? ಅವರ ಕಡೆಯ ವಕೀಲ "ನೀನೇ ಒಪ್ಪಿ ವಿಮಾನ ಹತ್ತಿದೆಯಲ್ಲ" ಅಂದ. ನಾನು ಎದ್ದು ನಿಂತೆ. ಶ್ವೇತಾ ಕೋಟು ಹಿಡಿದು ಎಳೆದು ಕೂರಿಸಿದಳು.

ಬರುವಾಗ ರೈಲಿನಲ್ಲಿ ಅವಳನ್ನು ಬಿಡಲಿಲ್ಲ. ರಾಜ್ಯಕ್ಕೊಂದು ಕಾನೂನೇನು ಅಂದೆ. "ನೋ ಅಜ್ಜಾ, ಫೆಡರಲ್ ಲಾ. ಸಿಡ್ನಿ, ಮೆಲ್ಬರ್ನ್, ಎಲ್ಲಾ ಕಡೆ ಸೇಮ್." ಹೆದರಿಸಿಯೋ ಮೋಸದಿಂದಲೋ ಸಾಗಿಸಿದರೆ ಹನ್ನೆರಡು ವರ್ಷದವರೆಗೆ ಜೈಲು. ಬಿಟ್ಟು ಹೋಗಲಾರದ ಹಾಗೆ ಮಾಡಿ ದುಡಿಸಿದರೆ ಹದಿನೈದು. ದನದ ಹಾಗೆ ತನ್ನದು ಮಾಡಿಕೊಂಡರೆ ಇಪ್ಪತ್ತೈದು. ಹಗ್ಗ ಕಟ್ಟಿರಬೇಕು ಅಂತೇನಿಲ್ಲ, ಬಾಗಿಲು ತೆರೆದಿದ್ದರೂ ಸೆರೆ ಸೆರೆಯೇ. ಅವಳೇ ಒಪ್ಪಿದ್ದಳು ಅನ್ನುವ ನೆಪ ನಡೆಯುವುದಿಲ್ಲ.

"ಹದಿನಾರರ ಹುಡುಗಿಯಾದರೆ?"

"ಚೈಲ್ಡ್ ಅಜ್ಜಾ! ಮೋಸ ಮಾಡಿದ್ದನ್ನೂ ಪ್ರೂವ್ ಮಾಡಬೇಕಿಲ್ಲ. ಟ್ವೆಂಟಿಫೈವ್ ಇಯರ್ಸ್‌ವರೆಗೆ."

ಕೇಳಿದಿಯಾ ಅಕ್ಕಾ? ಸಿದ್ದಲಿಂಗಪ್ಪ ಹೊಲಿಗೆ ಕೆಲಸ ಅಂತ ನಿನ್ನನ್ನು ಒಯ್ದಾಗ ನಿನಗೆ ಹದಿನಾರು. ನಮ್ಮೂರಲ್ಲಿ ಅವನನ್ನು ಯಾರೂ ಕೇಳಲಿಲ್ಲ, ಹಾಸಿಗೆಯಲ್ಲೇ ಸುಖವಾಗಿ ಸತ್ತ. ಆದರೂ ಬಸ್ಸು ಹತ್ತಿದೆ ಅನ್ನುವ ಮಾತು ಇನ್ನು ಆಡಬೇಡ.

ಇನ್ನೊಂದು ಕೇಳಿದೆ. "ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನಿಗೆ ಎಷ್ಟು ವರ್ಷ?"

"ಸುಮ್ಮನಿದ್ದದ್ದಕ್ಕೇ ಅಂತ ಸೆಕ್ಷನ್ ನಾನು ಓದಿಲ್ಲ ಅಜ್ಜಾ. ವೈ?"

"ಸ್ಟೇಷನ್ ಬಂತು, ಏಳು" ಅಂದೆ. ಬಂದಿರಲಿಲ್ಲ.

ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೋ, ನೀರು ಹೊರಬೇಡ. ಶಿವ ನಿನ್ನನ್ನು ನೂರು ವರ್ಷ ಗಟ್ಟಿಯಾಗಿ ಇಡಲಿ.

ನಿನ್ನ ತಮ್ಮ
ಈರ್ಯಾ

ತಾ.ಕ.: ನೀನು ಬರೆಸಿದ ಕಾಗದ ಮನೆಗೆ ಬಂದಿತ್ತು. ಮನೆಯಲ್ಲಿ ಓದು ಬರುತ್ತಿದ್ದದ್ದು ನನಗೊಬ್ಬನಿಗೆ. "ಅವ್ವಾ, ಬಂದು ಬಿಡಿಸಿಕೊಂಡು ಹೋಗು" ಅಂತ ಇತ್ತು. ಅದರ ಹಿಂದಿನ ವಾರವೇ ಸಿದ್ದಲಿಂಗಪ್ಪ ನನಗೆ ಸೈಕಲ್ ತಂದುಕೊಟ್ಟಿದ್ದ. ಅವ್ವ ಒಲೆ ಮುಂದಿನಿಂದ "ಏನು ಬರೆಸ್ಯಾಳೋ?" ಅಂದಳು. "ಆರಾಮ ಇದ್ದಾಳಂತೆ, ಹೊಲಿಗೆ ಕಲಿತಾಳಂತೆ" ಅಂತ ಓದಿದೆ. ಹೆದರಿದ್ದೆ ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಸೈಕಲ್ ಹೋಗುತ್ತದೆ ಅಂತ ಹಾಗೆ ಓದಿದೆ. ಅವ್ವ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು. ಸಾಯುವತನಕ ಅಲ್ಲೇ ಇತ್ತು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಅದಕ್ಕೆ ಮಾಸ್ತರು ಹೊಡೆದರು ಅಂತ ಕಾರಣ ಹೇಳಿದ್ದೂ ಸುಳ್ಳು. ಆ ಕಾಗದವನ್ನು ಅವ್ವನ ಫೋಟೊ ಜೊತೆ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿನ್ನ ಗೋಡೆಯ ಮೇಲೆ ನನ್ನ ಫೋಟೊ ಇದೆಯಲ್ಲ, ಅದನ್ನು ಇಳಿಸಿ ಆ ಮೊಳೆಗೆ ಅವಳದನ್ನು ಹಾಕು.